ತೀರ್ಪು ನಮ್ಮ ಪರವಾಗಿರುವಾಗ

ಅನ್ಯರ ತಪ್ಪಿನಿಂದ ನಮಗೆ ಲಾಭವಾದಾಗ ಮೌನವಾಗಿರುವುದು ಸುಳ್ಳಾಗುವುದೇ?

1980ರ ಫೆಬ್ರುವರಿಯಲ್ಲಿ ಮುಂಬಯಿಯ ಸುವರ್ಣ ಮಹೋತ್ಸವ ಟೆಸ್ಟ್ ಪಂದ್ಯಕ್ಕೆ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಭಾರತದ ನಾಯಕರಾಗಿದ್ದರು. ಇಂಗ್ಲೆಂಡಿನ ಬಾಬ್ ಟೇಲರ್ ಔಟಾದರೆಂದು ಅಂಪೈರ್ ತೀರ್ಪಿತ್ತರು. ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ಮನಗಂಡ ವಿಶ್ವನಾಥ್ ಅವರನ್ನು ಮರಳಿ ಕರೆದರು. ಟೇಲರ್ ಮತ್ತು ಬೋಥಮ್ ಜೊತೆಯಾಟ 171 ರನ್ನುಗಳಿಗೆ ಬೆಳೆಯಿತು. ಭಾರತ 10 ವಿಕೆಟ್‌ಗಳಿಂದ ಸೋತಿತು.

ಧರ್ಮಪುರದ ಅಂಗಡಿಯಲ್ಲಿ ಹೆಚ್ಚು ಚಿಲ್ಲರೆ ಕೈಸೇರಿದಾಗ, ‘ನಾನೇನೂ ಕದಿಯಲಿಲ್ಲವಲ್ಲ’ ಎಂದು ನಾವು ಸಮಾಧಾನಪಟ್ಟುಕೊಳ್ಳಬಹುದು. ಆದರೆ ನಿಜ ತಿಳಿದ ಮೇಲೆ ಇಟ್ಟುಕೊಂಡ ಹಣ ಅನ್ಯರದೇ. ಯಾರ ಒತ್ತಾಯವೂ ಇಲ್ಲದೆ ಜಕ್ಕಾಯನು ಮೋಸದಿಂದ ಪಡೆದುದನ್ನು ನಾಲ್ಕರಷ್ಟು ಹಿಂದಿರುಗಿಸಲು ಮುಂದಾದನು. ಆ ದಿನವೇ ಪ್ರಭುವು ಅವನ ಮನೆಗೆ ರಕ್ಷಣೆಯನ್ನು ಸಾರಿದರು.

ನಿಜವು ನಮ್ಮನ್ನು ಸೋಲಿಸಬಹುದು. ಅದನ್ನು ನೋಡುತ್ತಿರುವ ನಮ್ಮ ಮಕ್ಕಳು ಮಾತ್ರ ಸೋಲಲಾರರು.