ಬಾಯಿಬಿಟ್ಟು ಹೇಳಿದ ಹೆಣ್ಣುಮಗಳು



ಸಂತ ಮಾರ್ಕನ ಶುಭಸಂದೇಶದ ಐದನೇ ಅಧ್ಯಾಯದಲ್ಲಿ 12 ವರ್ಷ ರಕ್ತಸ್ರಾವದಿಂದ ನರಳಿದ ಹೆಣ್ಣುಮಗಳೊಬ್ಬಳು ಬರುತ್ತಾಳೆ. ಇದ್ದಬದ್ದದ್ದೆಲ್ಲ ವೈದ್ಯರಿಗೆ ಸುರಿದಿದ್ದಳು. ನಾಲ್ಕು ಜನರೆದುರು ಹೇಳಿಕೊಳ್ಳಲಾಗದ ರೋಗ. ಆದ್ದರಿಂದ ಹಿಂದಿನಿಂದ ಬಂದು ಪ್ರಭುವಿನ ಉಡುಪನ್ನು ಮುಟ್ಟಿದಳು, ಗುಣವೂ ಆಯಿತು. ಪ್ರಭು ಅಲ್ಲಿಗೇ ಬಿಡಲಿಲ್ಲ. ಯಾಯೀರನ ಮಗಳು ಸಾಯುವ ಸ್ಥಿತಿಯಲ್ಲಿದ್ದಳು, ಎಲ್ಲರಿಗೂ ಅವಸರ. ಆದರೂ ನಡುದಾರಿಯಲ್ಲಿ ನಿಂತು, ಮುಟ್ಟಿದವರು ಯಾರೆಂದು ಕೇಳಿದರು. ಆಕೆ ನಡುಗುತ್ತ ಎಲ್ಲವನ್ನೂ ಹೇಳಿದಳು. ಅವರು ಆಕೆಯನ್ನು ನಾಚಿಸಲಿಲ್ಲ, ಮಗಳೆಂದು ಕರೆದರು.

ಅಕ್ಟೋಬರ್ ನಮಗೆ ಜಪಸರದ ತಿಂಗಳು. ಸ್ತನ ಕ್ಯಾನ್ಸರ್ ಜಾಗೃತಿಯ ತಿಂಗಳೂ ಹೌದು. ಉಮರ್ಗಾ, ನಿಲಂಗಾ, ಉದಗೀರ ಭಾಗದ ಹೊಲಗಳಲ್ಲಿ ಸೋಯಾಬೀನ್ ರಾಶಿಯ ತಿಂಗಳು ಕೂಡ. ಎದೆಯಲ್ಲಿ ಗಂಟು ಕೈಗೆ ಸಿಕ್ಕರೂ "ರಾಶಿ ಮುಗೀಲಿ, ದೀಪಾವಳಿ ಆಗಲಿ, ಜೋಳದ ಬಿತ್ತನೆ ಆಗಲಿ" ಎನ್ನುತ್ತಾರೆ ನಮ್ಮ ಅವ್ವಂದಿರು. ನೋವಿಲ್ಲವಲ್ಲ ಎಂಬ ಸಮಾಧಾನ ಬೇರೆ. ಆ ಸಮಾಧಾನವೇ ಮೋಸ: ಈ ಗಂಟು ಮೊದಮೊದಲು ಹೆಚ್ಚಾಗಿ ನೋಯುವುದೇ ಇಲ್ಲ.

ಗಂಟೊಂದೇ ಗುರುತಲ್ಲ. ಕಂಕುಳಲ್ಲಿ ಗಡ್ಡೆ, ಒಂದು ಸ್ತನದ ಗಾತ್ರ ಅಥವಾ ಆಕಾರ ಹೊಸದಾಗಿ ಬದಲಾಗುವುದು, ಚರ್ಮ ಕುಳಿಬೀಳುವುದು ಅಥವಾ ಕಿತ್ತಳೆ ಸಿಪ್ಪೆಯಂತೆ ಒರಟಾಗುವುದು, ಕೆಂಪಾಗಿ ಬಾಯುವುದು, ತೊಟ್ಟು ಒಳಗೆ ಸೇದಿಕೊಳ್ಳುವುದು, ಅದರಿಂದ ರಕ್ತ ಬರುವುದು, ಅಲ್ಲಿಯ ಹುಣ್ಣು ಮಾಯದಿರುವುದು – ಯಾವುದು ಕಂಡರೂ ತೋರಿಸಬೇಕು. ಹಾಲುಣಿಸುವ ತಾಯಿ ಹಾಲು ಕಟ್ಟಿದೆ ಎಂದುಕೊಂಡ ಗಂಟು ಎರಡು ಮೂರು ವಾರವಾದರೂ ಕರಗದಿದ್ದರೆ ಅದನ್ನೂ ತೋರಿಸಿ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ, ಆದರೆ ಅದನ್ನು ಹೇಳಬೇಕಾದವರು ಡಾಕ್ಟರು, ಪಕ್ಕದ ಮನೆಯ ಕಾಕು ಅಲ್ಲ. ಸೂಜಿ ಚುಚ್ಚಿ ಪರೀಕ್ಷಿಸಿದರೆ ರೋಗ ಹರಡುತ್ತದೆ ಎಂಬ ಮಾತೂ ಸುಳ್ಳು. ಅಪರೂಪವಾಗಿ ಗಂಡಸರಿಗೂ ಈ ರೋಗ ಬರುತ್ತದೆ.

ಇದಕ್ಕೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿ, ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡು 20 ವರ್ಷ ಅಧ್ಯಯನ ನಡೆಸಿದರು. ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದ ಗುಂಪಿನಲ್ಲಿ, 50 ದಾಟಿದವರ ಪೈಕಿ ಈ ರೋಗದ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಯಿತು. ನಮಗೂ ಬಾರ್ಶಿ ದೂರವೇನಲ್ಲ. ಅಲ್ಲಿ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯಿದೆ. ಹಳ್ಳಿಗರ ಕ್ಯಾನ್ಸರ್ ನೋಂದಣಿ ದೇಶದಲ್ಲಿ ಮೊದಲು ಶುರುವಾದದ್ದೂ ಅಲ್ಲೇ, 1987ರಲ್ಲಿ. 30 ದಾಟಿದವರು ಮೊದಲು ಹತ್ತಿರದ ಸರಕಾರಿ ದವಾಖಾನೆಯಲ್ಲೇ ತಪಾಸಣೆ ಕೇಳಬಹುದು.

ಮನೆಯಲ್ಲಿ ಕನ್ನಡ, ದವಾಖಾನೆಯಲ್ಲಿ ಮರಾಠಿ. ನಾಚಿಕೆಯ ಮಾತು ಪರಭಾಷೆಯಲ್ಲಿ ಇನ್ನೂ ಕಷ್ಟ. "ಛಾತೀತ ಗಾಠ ಆಹೇ" ಎಂದರೆ ಸಾಕು, ಅವರಿಗೆ ತಿಳಿಯುತ್ತದೆ. ಅಷ್ಟೂ ಬಾಯಿಗೆ ಬಾರದಿದ್ದರೆ ಭಾನುವಾರ ಬಲಿಪೂಜೆಯ ನಂತರ ಯುವಬಳಗದ ಹೆಣ್ಣುಮಕ್ಕಳಲ್ಲಿ ಒಬ್ಬರ ಕಿವಿಯಲ್ಲಿ ಹೇಳಿ. ರಾಶಿಯ ದಿನವಾದರೂ ಸರಿ, ನಾವು ಜೊತೆಗೆ ಬರುತ್ತೇವೆ.