ತೊಳೆದ ಮೇಲೆ ಕೆಟ್ಟಿತು

ಕಳೆದ ಜುಲೈನಲ್ಲಿ ನನ್ನ ಎಲೆಕ್ಟ್ರಿಕ್ ಮೌಂಟನ್ ಬೈಕು ತೊಳೆಸಿದ ಮರುದಿನ ಕೆಟ್ಟಿತು. ಈ ವಾಕ್ಯದಲ್ಲಿ ಒಂದಕ್ಷರ ಸುಳ್ಳಿಲ್ಲ. ಇದನ್ನೇ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಒಬ್ಬ ಹುಡುಗನಿಗೆ ಐದು ಮನೆಯ ಕೆಲಸ ಹೋಯಿತು. ಅದೇ ದಿನ ಅದೇ ಸೈಕಲ್ಲಿನ ಬಗ್ಗೆ ಕಂಪನಿಗೆ ಒಂದು ಶುದ್ಧ ಸುಳ್ಳು ಬರೆದುಕೊಟ್ಟೆ. ಯಾರಿಗೂ ಏನೂ ಆಗಲಿಲ್ಲ. ಅಂದಿನಿಂದ ಇವೆರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಅಂತ ಯೋಚಿಸುತ್ತಿದ್ದೇನೆ.

ಬೈಕು ಅಂದೆನಾದರೂ ಅದು ಸೈಕಲ್ಲೇ. ದಪ್ಪ ಟೈರು, ಮುಂದೆ ಸಸ್ಪೆನ್ಷನ್, ಹಿಂದಿನ ಚಕ್ರದ ನಡುವೆ 250 ವ್ಯಾಟಿನ ಮೋಟರು. ನಾವು ಪೆಡಲ್ ತುಳಿದರೆ ಅದೂ ಜೊತೆಗೆ ತುಳಿಯುತ್ತದೆ, ಗಂಟೆಗೆ 25 ಕಿಲೋಮೀಟರ್ ಮುಟ್ಟಿದ ಕೂಡಲೇ ಕೈಬಿಡುತ್ತದೆ. ಈ ಮಿತಿಯೊಳಗಿದ್ದರೆ ನೋಂದಣಿ, ಲೈಸೆನ್ಸ್ ಯಾವುದೂ ಬೇಡ. ಇಂಥ ಗಾಡಿಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಸಂಸ್ಥೆಗಳಲ್ಲಿ ಒಂದು ಎಆರ್‌ಎಐ. 1966ರಲ್ಲಿ ಶುರುವಾದ ಅದು ಇರುವುದು ಪುಣೆಯ ವೇತಾಳ ಟೇಕಡಿಯ ಮೇಲೆ. ನನ್ನ ಸೈಕಲ್ಲು ಕೈಕೊಟ್ಟದ್ದೂ ಅದೇ ಗುಡ್ಡದ ಏರಿನಲ್ಲಿ.

ಶನಿವಾರ ಖಡಕ್‌ವಾಸಲಾ ದಾಟಿ ಸಿಂಹಗಡದ ಬುಡದ ಹಳ್ಳಿಗಳ ಕಡೆ ಹೋಗಿದ್ದೆ. ಆಷಾಢದ ಮಳೆ, ಮೊಣಕಾಲುದ್ದ ಕೆಸರು. ಬಾಣೇರಿನ ಮನೆಗೆ ವಾಪಸಾದಾಗ ಸೈಕಲ್ಲಿನ ಬಣ್ಣ ಯಾವುದೆಂದು ಗೊತ್ತಾಗುತ್ತಿರಲಿಲ್ಲ. ನಮ್ಮ ಪಾರ್ಕಿಂಗಿನಲ್ಲಿ ಕಾರು ತೊಳೆಯುವ ಹುಡುಗನಿಗೆ ಒಪ್ಪಿಸಿ ಮೇಲೆ ಹೋದೆ.

ಈ ಹುಡುಗ ಅಫಜಲಪುರ ತಾಲ್ಲೂಕಿನವನು. ಇಲ್ಲಿ ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿ, ಯಾದಗಿರಿ, ವಿಜಯಪುರದ ಕುಟುಂಬಗಳು ಎಷ್ಟಿವೆ ಎಂದು ಪುಣೆಯಲ್ಲಿರುವ ನಿಮಗೆ ಹೇಳಬೇಕಿಲ್ಲ. ಅವನ ಅಪ್ಪ ಅವ್ವ ಸೆಂಟ್ರಿಂಗ್ ಕೆಲಸಕ್ಕೆ ಬಂದವರು, ಇವನು ಬಕೆಟ್ಟು ಬಟ್ಟೆ ಹಿಡಿದ. ತಿಂಗಳಿಗೆ ಒಂದು ಕಾರಿಗೆ ಐದುನೂರು ರೂಪಾಯಿ. ನಾನು ಧಾರವಾಡದವನು. ಮೊದಲ ದಿನ ಅವನು ಫೋನಿನಲ್ಲಿ ಕನ್ನಡ ಮಾತಾಡುವುದು ಕೇಳಿ ‘ಯಾವೂರಪಾ?’ ಅಂದಾಗ ಅವನ ಮುಖ ಅರಳಿದ್ದು ನನಗೆ ಇನ್ನೂ ನೆನಪಿದೆ. ಅಂದಿನಿಂದ ನಾನು ಅವನಿಗೆ ‘ಅಣ್ಣಾರು’. ಆಫೀಸಿನ ಗೆಳೆಯರಿಗೆ ಇದನ್ನು ಹೇಳಿಕೊಂಡು ಒಂದಿಷ್ಟು ಬೀಗಿದ್ದೇನೆ ಕೂಡ.

ಭಾನುವಾರ ಬೆಳಿಗ್ಗೆ ಪಾಷಾಣದ ಪಂಚವಟಿ ಕಡೆಯಿಂದ ವೇತಾಳ ಟೇಕಡಿಯ ಏರು ಹಿಡಿದೆ. ಅರ್ಧ ದಾರಿಯಲ್ಲಿ ಮೋಟರು ನಿಂತಿತು. ವಿಚಿತ್ರವೆಂದರೆ ಉಳಿದದ್ದೆಲ್ಲ ಸರಿಯಿತ್ತು. ಡಿಸ್ಪ್ಲೇ ಉರಿಯುತ್ತಿತ್ತು, ಬ್ಯಾಟರಿ ಐದರಲ್ಲಿ ನಾಲ್ಕು ಕಡ್ಡಿ ತೋರಿಸುತ್ತಿತ್ತು, ದೀಪ ಹತ್ತುತ್ತಿತ್ತು. ತುಳಿದರೆ ಮಾತ್ರ ಏನೂ ಇಲ್ಲ. ಮೋಟರಿಲ್ಲದ ಎಲೆಕ್ಟ್ರಿಕ್ ಸೈಕಲ್ಲು ಅಂದರೆ 25 ಕಿಲೋದ ಕಬ್ಬಿಣದ ಮೂಟೆ. ತಳ್ಳಿಕೊಂಡು ಇಳಿಯುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು: ನಿನ್ನೆವರೆಗೂ ಸರಿಯಿತ್ತು, ಅವನು ತೊಳೆದ, ಕೆಟ್ಟಿತು.

ಮನೆಗೆ ಬಂದವನೇ ವಾಚ್‌ಮನ್‌ನನ್ನು ಕೇಳಿದೆ. ಹುಡುಗ ಬಕೆಟ್ಟಿನಲ್ಲಿ ತೊಳೆದಿರಲಿಲ್ಲ. ಪಾರ್ಕಿಂಗಿನ ನೆಲ ತೊಳೆಯಲೆಂದು ಸೊಸೈಟಿಯವರು ತಂದಿಟ್ಟ ಪ್ರೆಷರ್ ಪೈಪ್ ಹಿಡಿದಿದ್ದ. ಮುಗಿಯಿತಲ್ಲ! ಗುಂಪಿನಲ್ಲಿ ನಾಲ್ಕು ಸಾಲು ಬರೆದೆ, ಇಂಗ್ಲಿಷಿನಲ್ಲಿ. ನಿನ್ನೆ ನನ್ನ ಇ-ಬೈಕನ್ನು ಪ್ರೆಷರ್ ಪೈಪಿನಿಂದ ತೊಳೆಯಲಾಯಿತು, ಇವತ್ತು ಸತ್ತುಹೋಗಿದೆ, ನಿಮ್ಮ ಗಾಡಿಗಳನ್ನು ಯಾರ ಕೈಗೆ ಕೊಡುತ್ತೀರೋ ನೋಡಿಕೊಳ್ಳಿ. ಅವನ ಹೆಸರನ್ನೂ ಬರೆಯಲಿಲ್ಲ. ಬರೆಯುವ ಅಗತ್ಯವಿರಲಿಲ್ಲ, ನಮ್ಮಲ್ಲಿ ತೊಳೆಯುವವನು ಅವನೊಬ್ಬನೇ. ಆ ಗುಂಪಿನಲ್ಲಿ ಅವನಿಲ್ಲ, ಆ ಭಾಷೆ ಅವನಿಗೆ ಬರುವುದಿಲ್ಲ. ಅವನಿಗೂ ನನಗೂ ನಡುವೆ ಇದ್ದ ಕನ್ನಡದಲ್ಲಿ ನಾನು ಅವನನ್ನು ಒಂದು ಮಾತು ಕೇಳಿರಲಿಲ್ಲ.

ಆಮೇಲೆ ಚಹಾ ಕುಡಿದು ಕಂಪನಿಯ ವಾರಂಟಿ ಫಾರಂ ತೆರೆದೆ. ಅದರಲ್ಲಿ ಒಂದು ಪ್ರಶ್ನೆ: ಗಾಡಿಯನ್ನು ಒತ್ತಡದ ನೀರಿನಿಂದ ತೊಳೆದಿದ್ದೀರಾ? ಹೌದೆಂದರೆ ವಾರಂಟಿ ಇಲ್ಲ. ಕೈಪಿಡಿಯಲ್ಲೂ ಸ್ಪಷ್ಟವಾಗಿದೆ. ಗಾಡಿಯ ಮೇಲಿನ ಚೀಟಿಯಲ್ಲಿ ಐಪಿಎಕ್ಸ್4 ಅಂತಿದೆ. ಅಂದರೆ ಯಾವ ದಿಕ್ಕಿನಿಂದ ನೀರು ಸಿಡಿದರೂ ತಡೆದುಕೊಳ್ಳುತ್ತದೆ ಅಂತಷ್ಟೇ. ಮೂತಿಯಿಂದ ಚಿಮ್ಮುವ ಧಾರೆಗೆ ಐಪಿಎಕ್ಸ್5 ಬೇಕು, ಮುಳುಗಿಸುವುದಕ್ಕೆ 7. ನಾನು ‘ಇಲ್ಲ’ ಅಂತ ಗುರುತು ಹಾಕಿದೆ. ಕೆಳಗೆ ‘ಮಳೆಯಲ್ಲಿ ಓಡಿಸುವಾಗ ನಿಂತಿತು’ ಅಂತ ಬರೆದೆ. ಎರಡು ಬರಹಕ್ಕೂ ನಡುವೆ ಮುಕ್ಕಾಲು ಗಂಟೆ ಕೂಡ ಇಲ್ಲ. ಗುಂಪಿಗೆ ಪೈಪಿನ ನೀರು, ಕಂಪನಿಗೆ ಮಳೆ ನೀರು. ಆಗ ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಕಂಪನಿಯವರು ಬರಲು ವಾರವಾಗುತ್ತದೆ ಎಂದರು. ತಡೆಯಲಾರದೆ ಬುಧವಾರ ಪಾಷಾಣದ ಒಬ್ಬ ಸೈಕಲ್ ಮೇಸ್ತ್ರಿಯ ಹತ್ತಿರ ಒಯ್ದೆ. ಅರವತ್ತು ದಾಟಿದ ಮರಾಠಿ ಮನುಷ್ಯ. ನಾನು ಇಡೀ ಕಥೆ ಹೇಳಿದೆ: ಹುಡುಗ, ಪೈಪು, ಒತ್ತಡ. ಅವರು ಅದಕ್ಕೆ ಕಿವಿಗೊಟ್ಟಂತೆ ಕಾಣಲಿಲ್ಲ. ‘ಪಾಣೀ ಕುಠೂನ್ ಗೇಲಂ?’ ಅಂದರು. ನೀರು ಎಲ್ಲಿಂದ ಹೋಯಿತು ಅಂತ. ನಾನು ಮೂರು ದಿನದಿಂದ ಹಿಡಿದುಕೊಂಡಿದ್ದದ್ದು ಯಾರಿಂದ ಹೋಯಿತು ಎಂಬುದನ್ನು.

ಅವರು ಕೆಲಸ ಮಾಡಿದ ರೀತಿಯನ್ನು ಹೇಳಲೇಬೇಕು. ಮೊದಲು ಬ್ಯಾಟರಿ ತೆಗೆದು ಒರೆಸಿ ಮತ್ತೆ ಹಾಕಿದರು. ಡಿಸ್ಪ್ಲೇ ಬಂತು. ಬ್ಯಾಟರಿ ಇದೆ, ತಂತಿಗೆ ಕರೆಂಟು ಬರುತ್ತಿದೆ, ಆದರೆ ಮೋಟರಿಗೆ ಅಪ್ಪಣೆ ಹೋಗುತ್ತಿಲ್ಲ; ಯಾರೋ ಬೇಡ ಅನ್ನುತ್ತಿದ್ದಾರೆ, ಅಂದರು. ಇಂಥ ಸೈಕಲ್ಲುಗಳ ಬ್ರೇಕಿನ ಹಿಡಿಕೆಯೊಳಗೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಬ್ರೇಕ್ ಹಿಡಿದ ಕೂಡಲೇ ಅದು ಮೋಟರನ್ನು ನಿಲ್ಲಿಸುತ್ತದೆ, ಸುರಕ್ಷತೆಗಾಗಿ. ಆ ತಂತಿಯ ಜೋಡಣೆಯಲ್ಲಿ ನೀರು ನಿಂತರೆ ಪಿನ್ನಿನಿಂದ ಪಿನ್ನಿಗೆ ಕರೆಂಟು ಹರಿದು, ಯಾರೂ ಬ್ರೇಕ್ ಹಿಡಿಯದಿದ್ದರೂ ಹಿಡಿದಂತೆ ಕಂಟ್ರೋಲರಿಗೆ ತೋರುತ್ತದೆ. ಅವರು ಬಲಗಡೆಯ ತಂತಿ ಬಿಚ್ಚಿದರು, ಚಕ್ರ ತಿರುಗಲಿಲ್ಲ. ಅದನ್ನು ಹಾಕಿ ಎಡಗಡೆಯದು ಬಿಚ್ಚಿದರು, ಮೋಟರು ಗುಂಯ್ ಅಂತು. ಮತ್ತೆ ಹಾಕಿದರು, ನಿಂತಿತು. ಮತ್ತೆ ಬಿಚ್ಚಿದರು, ತಿರುಗಿತು. ಒಂದು ಸಲಕ್ಕೆ ಒಂದೇ ಬದಲಾವಣೆ.

ನಮ್ಮ ತರ್ಕಶಾಸ್ತ್ರದವರು ಇದನ್ನೇ ಅನ್ವಯ–ವ್ಯತಿರೇಕ ಅಂದರು. ಇದು ಇದ್ದರೆ ಅದು ಇರಬೇಕು, ಇದು ಇಲ್ಲದಿದ್ದರೆ ಅದೂ ಇರಬಾರದು; ಆಗ ಕಾರಣ ಅನ್ನು. ಬರೇ ಮೊದಲು ಇತ್ತು ಅನ್ನುವುದು ಸಾಲದು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂತ ನನ್ನ ಅಜ್ಜಿಯೂ ಹೇಳುತ್ತಿದ್ದಳು. ದಿನವಿಡೀ ಸಾಫ್ಟ್‌ವೇರಿನಲ್ಲಿ ದೋಷ ಹುಡುಕುವುದೇ ನನ್ನ ಹೊಟ್ಟೆಪಾಡು. ಆಫೀಸಿನಲ್ಲಿ ಯಾರಾದರೂ ‘ಅವನು ಕೊನೆಗೆ ಮುಟ್ಟಿದ, ಅದಕ್ಕೇ ಕೆಟ್ಟಿತು’ ಅಂದರೆ ನಾನೇ ಪಾಠ ಹೇಳುತ್ತೇನೆ.

ಎಡಗಡೆಯ ಜೋಡಣೆಯನ್ನು ಬಿಡಿಸಿ ಅವರು ನನ್ನ ಕಣ್ಣ ಮುಂದೆ ಹಿಡಿದರು. ಪಿನ್ನುಗಳ ಮೇಲೆ ಹಸಿರು ಕಿಲುಬು. ಕಿಲುಬು ಒಂದು ರಾತ್ರಿಯಲ್ಲಿ ಹಿಡಿಯುವುದಿಲ್ಲ. ವಾರಗಟ್ಟಲೆ ಅಲ್ಲಿ ತೇವ ಹೋಗುತ್ತಿತ್ತು. ಈ ಜೋಡಣೆಗಳ ಎರಡೂ ತುದಿಗೆ ಬಾಣದ ಗುರುತಿರುತ್ತದೆ. ಬಾಣಕ್ಕೆ ಬಾಣ ಕೂಡಿಸಿ ಪೂರ್ತಿ ಒತ್ತಿದರೆ ರಬ್ಬರು ನೀರನ್ನು ತಡೆಯುತ್ತದೆ. ನನ್ನದು ಒಂದು ಕೂದಲೆಳೆಯಷ್ಟು ಹೊರಗೇ ಇತ್ತು. ‘ಇದನ್ನು ಯಾರು ಬಿಚ್ಚಿದ್ದರು?’

ಮೂರು ವಾರದ ಹಿಂದೆ ಹೊಸ ಹಿಡಿಕೆ ಹಾಕಲು ನಾನೇ ಬಿಚ್ಚಿದ್ದೆ. ವಿಡಿಯೋ ನೋಡಿಕೊಂಡು.

ಹಾಗಾದರೆ ಹುಡುಗ ಕಾರಣವೇ ಅಲ್ಲವೇ? ಹಾಗೆ ಹೇಳಿ ಕೈತೊಳೆದುಕೊಳ್ಳುವುದೂ ಪ್ರಾಮಾಣಿಕವಲ್ಲ. ಅವನು ಪೈಪ್ ಹಿಡಿಯದಿದ್ದರೆ ಆ ಭಾನುವಾರ ಮೋಟರು ಬಹುಶಃ ನಿಲ್ಲುತ್ತಿರಲಿಲ್ಲ. ನೈಯಾಯಿಕರಲ್ಲಿ ಗಡಿಗೆಯ ಉದಾಹರಣೆ ಪ್ರಸಿದ್ಧ. ಗಡಿಗೆಗೆ ಮಣ್ಣು, ಕುಂಬಾರ, ಚಕ್ರ ತಿರುಗಿಸುವ ಕೋಲು ಎಲ್ಲ ಕಾರಣ. ಮಣ್ಣು ಹೊತ್ತು ತಂದ ಕತ್ತೆ? ಅದೂ ಮೊದಲೇ ಇತ್ತು, ಆದರೆ ಕಾರಣವಲ್ಲ. ಅದಿಲ್ಲದಿದ್ದರೂ ಮಣ್ಣು ಬೇರೆ ರೀತಿಯಲ್ಲಿ ಬರುತ್ತಿತ್ತು. ಇಂಥದ್ದಕ್ಕೆ ಅನ್ಯಥಾಸಿದ್ಧ ಅನ್ನುತ್ತಾರೆ. ಪುಣೆಯ ಜುಲೈ ತಿಂಗಳಲ್ಲಿ ಆ ಬಿರುಕಿಗೆ ನೀರು ತರಲು ಪೈಪೇ ಬೇಕಿರಲಿಲ್ಲ, ಸೋಮವಾರದ ಮಳೆ ಸಾಕಿತ್ತು. ಈ ಲೆಕ್ಕದಲ್ಲಿ ಅವನು ನೀರು ಹೊತ್ತು ತಂದವನು ಮಾತ್ರ. ಅವನನ್ನು ಕತ್ತೆಯ ಜಾಗದಲ್ಲಿ ನಿಲ್ಲಿಸಿ ತರ್ಕ ಹೂಡುವುದೂ ನನಗೆ ಕಸಿವಿಸಿಯೇ. ಆದರೆ ಶಾಸ್ತ್ರದವರು ಕತ್ತೆಯನ್ನು ಕಾರಣದ ಪಟ್ಟಿಯಿಂದ ಬಿಟ್ಟರು; ನಾನು ಉಳಿದವರನ್ನೆಲ್ಲ ಬಿಟ್ಟು ಅವನನ್ನು ಮಾತ್ರ ಹಿಡಿದೆ.

ಯಾಕೆ ಹಿಡಿದೆ? ಕಾರಣಗಳು ನಾಲ್ಕಾರು ಇದ್ದವು. ನನ್ನ ಕೈಚಳಕ, ಮಳೆ, ಐಪಿಎಕ್ಸ್4ರ ಜೋಡಣೆ, ಪೈಪು. ಕಂಪನಿಯ ಎದುರು ನಿಂತಾಗ ಪೈಪನ್ನು ಬಚ್ಚಿಟ್ಟು ಮಳೆಯನ್ನು ಆರಿಸಿದೆ, ಅದರಲ್ಲಿ ದುಡ್ಡು ಉಳಿಯುತ್ತಿತ್ತು. ಗುಂಪಿನ ಎದುರು ಪೈಪನ್ನು ಆರಿಸಿದೆ, ಅದರಲ್ಲಿ ನನ್ನ ಮರ್ಯಾದೆ ಉಳಿಯುತ್ತಿತ್ತು. ಎರಡು ಕಡೆಯೂ ನಾನು ಕಾರಣ ಹುಡುಕುತ್ತಿರಲಿಲ್ಲ, ಬಿಲ್ಲು ಯಾರಿಗೆ ಕಳಿಸುವುದು ಅಂತ ನೋಡುತ್ತಿದ್ದೆ. ತಿರುಗಿ ಕೇಳಲಾರದವನ ವಿಳಾಸಕ್ಕೆ ಕಳಿಸುವುದು ಸುಲಭ.

ಸತ್ಯ ಹೇಳು ಅಂತ ಕಲಿತದ್ದು ನಾವೆಲ್ಲ ಪುಣ್ಯಕೋಟಿಯಿಂದ. ಆ ಹಸು ಆಡಿದ ಮಾತಿಗೆ ತನ್ನ ಜೀವವನ್ನೇ ಒಯ್ದು ಹುಲಿಯ ಮುಂದೆ ಇಟ್ಟಿತು. ಶಾಲೆಯಲ್ಲಿ ಅದನ್ನು ಕೇಳಿ ಅತ್ತವರೇ ನಾವು. ಆದರೆ ಅಲ್ಲಿ ಸತ್ಯದ ಬೆಲೆ ತೆರಲು ಹೊರಟದ್ದು ಹೇಳಿದವಳೇ ಎಂಬುದನ್ನು ನಾನು ಗಮನಿಸಿರಲಿಲ್ಲ. ನನ್ನ ಸತ್ಯಕ್ಕೆ ತಿಂಗಳಿಗೆ ಎರಡೂವರೆ ಸಾವಿರ ತೆತ್ತವನು ಬೇರೆಯವನು. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಹೇಳುವ ಕೌಶಿಕನ ಕಥೆಯೂ ಇದೆ. ಸತ್ಯವ್ರತದ ತಪಸ್ವಿ, ಓಡಿಹೋಗಿ ಅಡಗಿದವರು ಎಲ್ಲಿ ಅಂತ ದರೋಡೆಕೋರರು ಕೇಳಿದಾಗ ಇದ್ದದ್ದನ್ನು ಇದ್ದಹಾಗೆ ಹೇಳಿದ, ಅವರು ಸತ್ತರು, ಇವನು ನರಕಕ್ಕೆ ಹೋದ. ಕೌಶಿಕನನ್ನು ಕನಿಷ್ಠ ಯಾರೋ ಕೇಳಿದ್ದರು. ನನ್ನನ್ನು ಯಾರೂ ಕೇಳಿರಲಿಲ್ಲ.

ಕಂಪನಿಗೆ ಹೇಳಿದ ಸುಳ್ಳು ಸಣ್ಣದು ಅನ್ನುತ್ತಿಲ್ಲ. ಆದರೆ ಅದನ್ನು ಬರೆಯುವಾಗ ನನಗೆ ಗೊತ್ತಿತ್ತು ಸುಳ್ಳು ಅಂತ. ಬೆರಳು ಒಂದು ಕ್ಷಣ ತಡೆದಿತ್ತು. ಗುಂಪಿಗೆ ಬರೆಯುವಾಗ ಆ ತಡೆಯೂ ಇರಲಿಲ್ಲ, ಯಾಕೆಂದರೆ ಬರೆದದ್ದೆಲ್ಲ ನಿಜ. ನನಗೆ ಈಗ ಹೆಚ್ಚು ಹೆದರಿಕೆ ಹುಟ್ಟಿಸುವುದು ಇದೇ.

ಮೇಸ್ತ್ರಿ ಪಿನ್ನು ಉಜ್ಜಿ, ಒಣಗಿಸಿ, ಒಂದಿಷ್ಟು ಗ್ರೀಸು ಸವರಿ, ಬಾಣಕ್ಕೆ ಬಾಣ ಕೂಡಿಸಿ ಒತ್ತಿದರು. ಇನ್ನೂರು ರೂಪಾಯಿ ತಗೊಂಡರು. ಕಂಪನಿಗೆ ಫೋನ್ ಮಾಡಿ ನಾನು ತಪ್ಪು ಬರೆದಿದ್ದೇನೆ, ಪೈಪಿನಿಂದ ತೊಳೆಸಿದ್ದೆ, ದೂರು ವಾಪಸು ಪಡೆಯುತ್ತೇನೆ ಅಂದೆ. ಆಚೆಯ ಹೆಣ್ಣುಮಗಳು ನಕ್ಕಳು. ‘ಎಲ್ಲರೂ ಮಳೆ ಅಂತಲೇ ಬರೀತಾರೆ ಸರ್, ನೀವ್ಯಾಕೆ ಹೇಳೋಕೆ ಹೋದ್ರಿ?’ ಗುಂಪಿನಲ್ಲೂ ಬರೆದೆ, ಈ ಸಲ ಉದ್ದವಾಗಿ, ತಪ್ಪು ನನ್ನದು ಅಂತ. ಮೂರು ಹೆಬ್ಬೆರಳು ಬಂದವು. ಒಬ್ಬರು, ಏನೇ ಆದರೂ ಪ್ರೆಷರ್ ಪೈಪ್ ಹಿಡಿದದ್ದು ತಪ್ಪಲ್ಲವೇ ಅಂದರು. ಅಷ್ಟೊತ್ತಿಗೆ ಗುಂಪಿನಲ್ಲಿ ಟ್ಯಾಂಕರ್ ನೀರಿನ ಜಗಳ ಶುರುವಾಗಿತ್ತು. ಐದು ಮನೆಯಲ್ಲಿ ಒಂದೂ ಅವನಿಗೆ ವಾಪಸು ಸಿಗಲಿಲ್ಲ. ಮೊದಲ ಸುದ್ದಿ ಓಡಿದಷ್ಟು ದೂರ ತಿದ್ದುಪಡಿ ಓಡುವುದಿಲ್ಲ.

ಅವನನ್ನು ಹುಡುಕಿಕೊಂಡು ಹೋಗಲು ನನಗೆ ಮತ್ತೆ ಹತ್ತು ದಿನ ಹಿಡಿಯಿತು. ಕೆಲಸವಿತ್ತು ಅಂತ ಹೇಳಬಹುದು. ನಾಚಿಕೆ ಅನ್ನುವುದು ಸರಿ. ಬಾಲೇವಾಡಿಯ ಒಂದು ಸೊಸೈಟಿಯಲ್ಲಿ ಬೆಳಗಿನ ಆರಕ್ಕೆ ಸಿಕ್ಕ. ಕಾರಿನ ಗಾಜು ಒರೆಸುತ್ತಿದ್ದವನು ನನ್ನನ್ನು ನೋಡಿ ಬಟ್ಟೆ ಹಿಂಡಿದ. ನಾನು ಎಲ್ಲ ಹೇಳಿದೆ. ಕಿಲುಬು, ಬಾಣ, ನಾನೇ ಬಿಚ್ಚಿದ್ದು, ಗುಂಪಿನಲ್ಲಿ ಬರೆದದ್ದು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

‘ನಾ ಅವತ್ತ ಕೇಳಿದ್ನಲ್ರಿ ಅಣ್ಣಾರ, ಬ್ಯಾಟರಿ ತಗೀಬೇಕೇನು, ಪೈಪ್ ಹಿಡೀಲೇನು ಅಂತ. ನೀವ ಫೋನಿನ್ಯಾಗ ಇದ್ರಿ. ಹಿಂಗ ಕೈ ಮಾಡಿದ್ರಿ.’ ಅವನು ಕೈ ಮಾಡಿ ತೋರಿಸಿದ. ಎರಡು ಬೆರಳು ಗಾಳಿಯಲ್ಲಿ ಬೀಸಿ, ಮಾಡು ಮಾಡು ಅನ್ನುವ ಹಾಗೆ. ಅದು ನನ್ನದೇ ಕೈ ಅಂತ ನೋಡಿದ ಕೂಡಲೇ ಗೊತ್ತಾಯಿತು. ಆಫೀಸಿನ ಕಾಲಿನಲ್ಲಿದ್ದಾಗ ಮನೆಯವರಿಗೂ ಹಾಗೇ ಮಾಡುತ್ತೇನೆ.

ಏನು ಹೇಳಬೇಕೋ ತಿಳಿಯದೆ ಎರಡು ತಿಂಗಳ ದುಡ್ಡು ಕೊಡಲು ಹೋದೆ. ತೊಳೆದ ಆ ಒಂದು ದಿನದ ಐವತ್ತು ಬಾಕಿಯಿತ್ತು ಅಂತ ಅದನ್ನಷ್ಟೇ ತಗೊಂಡ. ಆಮೇಲೆ ಪಾರ್ಕಿಂಗಿನ ಮೂಲೆ ಕಡೆ ಕೈ ತೋರಿಸಿ, ‘ಇಲ್ಲೂ ಎರಡು ಇಂಥಾ ಸೈಕಲ್ ಅದಾವ್ರಿ. ಆ ವಾಯರ್ ಎಲ್ಲಿರ್ತದ, ಒಂದೀಟು ತೋರಸ್ರಿ’ ಅಂದ. ಇಬ್ಬರೂ ಹೋಗಿ ಮಂಡಿಯೂರಿ ಕೂತೆವು. ಬ್ರೇಕಿನ ಹಿಡಿಕೆಯಿಂದ ಇಳಿಯುವ ತಂತಿ, ಅದರ ಜೋಡಣೆ, ಬಾಣದ ಗುರುತು ತೋರಿಸಿದೆ. ಅವನು ಜೇಬಿನಿಂದ ಹಾಲಿನ ಖಾಲಿ ಪಾಕೀಟು ತೆಗೆದು ಅದನ್ನು ಸುತ್ತಿ, ರಬ್ಬರ್ ಬ್ಯಾಂಡ್ ಬಿಗಿದು, ನೀರು ಯಾವ ಕಡೆಯಿಂದ ಬರಬಹುದು ಅಂತ ಬಗ್ಗಿ ಕೆಳಗಿನಿಂದಲೂ ಒಮ್ಮೆ ನೋಡಿದ.