ಹುಣಸೆ ನೆಡುವ ವಯಸ್ಸು



1947ರ ಸ್ವಾತಂತ್ರ್ಯದ ನಂತರದ ಹದಿನೈದು ವರ್ಷಗಳಲ್ಲಿ ಹುಟ್ಟಿದವರು ಇಂದು ಅರುವತ್ತು ದಾಟಿದ್ದಾರೆ. ಸಿರಾ ತಾಲೂಕಿನ ಗೌಡಗೆರೆಯಂತಹ ಬಯಲುಸೀಮೆಯ ಊರುಗಳಲ್ಲಿ ಇವರು ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತಿದರು. ಮಳೆ ಕೈಕೊಟ್ಟ ವರ್ಷವೂ ಮರುವರ್ಷಕ್ಕೆ ಬೀಜ ಎತ್ತಿಟ್ಟರು. ಅದೇ ಹಿರಿಯರು ಈಗ, "ನಮ್ಮದೇನಿದೆ, ಮುಗಿಯಿತು" ಎನ್ನುತ್ತಾರೆ. ಕುರ್‌ಆನ್ ಓದಲು ಕಲಿಯುವ ಆಸೆಯಿದೆ. ಮದ್ರಸದ ಮಕ್ಕಳೆದುರು ತಡವರಿಸಲು ನಾಚಿಕೆ.

ಆದರೆ ತಡವರಿಸುತ್ತಾ ಕಷ್ಟಪಟ್ಟು ಓದುವವನಿಗೆ ಇಮ್ಮಡಿ ಪ್ರತಿಫಲವಿದೆಯೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಹ. ಝಕರಿಯ್ಯಾ(ಅ) ಎಲುಬು ಸವೆದು ತಲೆ ನರೆತ ಮೇಲೂ ಸಂತಾನಕ್ಕಾಗಿ ಪ್ರಾರ್ಥಿಸಿದರು. ಅಲ್ಲಾಹನು ಯಹ್ಯಾ(ಅ)ರನ್ನು ಕರುಣಿಸಿದನು. ಅಂತ್ಯದಿನವೇ ಎದುರಾದರೂ ಕೈಯಲ್ಲಿರುವ ಸಸಿಯನ್ನು ನೆಡಬೇಕೆಂಬುದು ಪ್ರವಾದಿಯವರ(ಸ) ಬೋಧನೆ. ಹಣ್ಣು ತಿನ್ನುವವರು ಯಾರೆಂಬ ಪ್ರಶ್ನೆ ಅಲ್ಲಿಲ್ಲ.

ನಮ್ಮ ಹೊಲದ ಬದುಗಳ ಹುಣಸೆಮರಗಳನ್ನು ನೋಡಿರಿ. ಫಲಕ್ಕೆ ವರ್ಷಗಟ್ಟಲೆ ಕಾಯಬೇಕೆಂದು ತಿಳಿದೇ ಯಾರೋ ಅವನ್ನು ಬೆಳೆಸಿದರು.

ನಿರಾಶೆ ಸತ್ಯವಿಶ್ವಾಸಿಗೆ ತಕ್ಕುದಲ್ಲ. ಬರೀ ಆಸೆಯೂ ಸಾಲದು. ಇಂದೇ ಮಗ್ರಿಬ್‌ನ ಬಳಿಕ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದಕ್ಷರ ಕಲಿಯಿರಿ. ಆರಂಭ ನಮ್ಮದು, ಪೂರ್ತಿಗೊಳಿಸುವವನು ಅಲ್ಲಾಹನು. ಅವನು ನಮ್ಮ ಕೊನೆಯ ದಿನಗಳನ್ನು ಉತ್ತಮ ದಿನಗಳನ್ನಾಗಿ ಮಾಡಲಿ. ಆಮೀನ್.